ಮನೆಯಲ್ಲೊಂದು ಸರ್ವರ್
(ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಮನೆಯಲ್ಲಿ ಸರ್ವರ್ ಇಟ್ಟುಕೊಳ್ಳುವ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಕೊಟ್ಟಿದ್ದಾರೆ. ನಾವು ಕೆಲವು ಗೆಳೆಯರು ಸೇರಿ ನಡೆಸುತ್ತಿರುವ ಕೆಲಸವಿದು. ನಮ್ಮಲ್ಲಿ ಪಂಡಿತರು ಯಾರೂ ಇಲ್ಲ. ಗುಮಾಸ್ತರು, ಕಾರ್ಖಾನೆಯ ಕೆಲಸಗಾರರು. ಆದುದರಿಂದ ಕೈಯಾರೆ ಮಾಡಿ ತಿಳಿದದ್ದನ್ನಷ್ಟೇ ತಮ್ಮ ಮುಂದಿಡುತ್ತೇವೆ.

ಸರ್ವರ್ ಎಂದರೆ ಹೆದರಬೇಕಾದದ್ದೇನೂ ಇಲ್ಲ. ಉಡುಪಿ ಹೋಟೆಲಿನ ಮಾಣಿಯ ಕೆಲಸವೇ ಅದರದೂ: ಕೇಳಿದವರಿಗೆ ಕೇಳಿದ್ದನ್ನು ತಂದಿಡುವುದು. ಮೂಲೆಯಲ್ಲಿ ಹಗಲಿರುಳು ನಡೆಯುವ ಒಂದು ಕಂಪ್ಯೂಟರು. ಮನೆಯ ಫೋನುಗಳು ಚಿತ್ರವನ್ನೋ ಕಾಗದವನ್ನೋ ಕೇಳಿದರೆ ತೆಗೆದುಕೊಡುತ್ತದೆ, ಕೊಟ್ಟರೆ ಇಟ್ಟುಕೊಳ್ಳುತ್ತದೆ.

ಇದು ನಮ್ಮಂಥವರಿಗೆ ಏಕೆ ಬೇಕು? ನಾವು ಊರು ಬಿಟ್ಟು ಬಂದವರು. ಕೋಣೆ ಬದಲಾಗುತ್ತದೆ, ಕೆಲಸ ಬದಲಾಗುತ್ತದೆ. ಬಾಡಿಗೆಯ ಕರಾರುಪತ್ರ, ಪ್ರಾವಿಡೆಂಟ್ ಫಂಡಿನ ಕಾಗದ, ಮಕ್ಕಳ ಅಂಕಪಟ್ಟಿ, ಊರಿನ ಜಮೀನಿನ ಪಹಣಿ, ಅಜ್ಜಿ ಹಾಡಿದ ಸೋಬಾನೆ, ಎಲ್ಲವೂ ಒಂದೇ ಫೋನಿನಲ್ಲಿವೆ. ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಆ ಫೋನು ಹೋಯಿತೆನ್ನಿ. ಹೊಸ ಫೋನು ಕೊಳ್ಳಬಹುದು. ಅಜ್ಜಿಯ ದನಿ ಯಾವ ಅಂಗಡಿಯಲ್ಲಿ ಸಿಕ್ಕೀತು?

ಕಂಪನಿಗಳ ಉಗ್ರಾಣವಿದೆಯಲ್ಲ ಎನ್ನುವಿರಿ. ಇದೆ, ಉಪಕಾರವೂ ಇದೆ. ಆದರೆ ಅಲ್ಲಿನ ಕಟ್ಟಳೆ ನಮ್ಮ ಕೈಯಲ್ಲಿಲ್ಲ. 2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ನಲ್ಲಿ ಹೊಸದಾಗಿ ಇಡುವ ಚಿತ್ರಗಳನ್ನು ಉಚಿತ ಜಾಗದ ಲೆಕ್ಕಕ್ಕೆ ಹಿಡಿಯತೊಡಗಿದರು. ಎರಡು ವರ್ಷ ಬಳಸದ ಖಾತೆಯನ್ನು ಅಳಿಸಬಹುದೆಂದು 2023ರಲ್ಲಿ ಸಾರಿದರು. ತೀರಿಹೋದ ತಂದೆಯ ಖಾತೆಯನ್ನು ಎರಡು ವರ್ಷ ಯಾರು ತೆರೆದಾರು?

ಇನ್ನು ಯಂತ್ರದ ಮಾತು. ಹೊಸದು ಬೇಡವೇ ಬೇಡ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಒಪ್ಪದ ಎಷ್ಟೋ ಯಂತ್ರಗಳು ಲಿನಕ್ಸನ್ನು ಧಾರಾಳವಾಗಿ ಒಪ್ಪುತ್ತವೆ. ಲಿನಕ್ಸನ್ನು 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದರು. ಅದನ್ನೇ ಆಧರಿಸಿದ ಡೆಬಿಯನ್ 1993ರಲ್ಲಿ ಹುಟ್ಟಿತು. ಅದಕ್ಕೆ ಬಿಡಿಕಾಸೂ ಕೊಡಬೇಕಾಗಿಲ್ಲ. ಕಡತ ಹಂಚಲು ಸಾಂಬಾ ಎಂಬ ತಂತ್ರಾಂಶ, ಚಿತ್ರಗಳಿಗೆ ಇಮ್ಮಿಚ್ ಎಂಬುದು, ಅವೂ ಉಚಿತ. ಹಳೆಯ ಲ್ಯಾಪ್‌ಟಾಪಾದರೆ ಕರೆಂಟು ಹೋದಾಗ ಅದರ ಬ್ಯಾಟರಿಯೇ ಸ್ವಲ್ಪ ಹೊತ್ತು ಕಾಯುತ್ತದೆ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಕೂಡಲೇ ತೆಗೆಸಬೇಕು, ಬೆಂಕಿಯ ಭಯವುಂಟು.

ಕರೆಂಟಿನ ಲೆಕ್ಕ ಹೀಗೆ: 20 ವ್ಯಾಟಿನ ಲ್ಯಾಪ್‌ಟಾಪು ಎಡೆಬಿಡದೆ ನಡೆದರೆ 30 ದಿನಕ್ಕೆ 14.4 ಯೂನಿಟ್; 60 ವ್ಯಾಟಿನ ಹಳೆಯ ಡೆಸ್ಕ್‌ಟಾಪಾದರೆ 43.2 ಯೂನಿಟ್. ತಮ್ಮ ಬಿಲ್ಲಿನ ದರದಿಂದ ಗುಣಿಸಿ ನೋಡಿಕೊಂಡೇ ಕೈಹಾಕಿರಿ.

ಆದರೆ ಯಂತ್ರ ಕೂಡಿಸುವುದು ಒಂದು ಭಾನುವಾರದ ಕೆಲಸ. ಕಾಪಾಡುವುದು ವರ್ಷಗಟ್ಟಲೆಯ ಕೆಲಸ. ಇದಕ್ಕೆ ಒಂದು ಹಳೆಯ ಸೂತ್ರವಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ಒಂದೇ ಪೆಟ್ಟಿಗೆಯಲ್ಲಿ ಜೋಡಿ ಡಿಸ್ಕು ಹಾಕಿ ಎರಡರಲ್ಲೂ ಒಂದನ್ನೇ ಬರೆಯಿಸಿ ನೆಮ್ಮದಿಯಾಗಿರುವವರುಂಟು. ಡಿಸ್ಕು ಕೆಟ್ಟರೆ ಅದು ಕಾಯುತ್ತದೆ ನಿಜ. ಆದರೆ ಮಗು ಒಂದು ಕಡತ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ, ಕೋಣೆಗೆ ಮಳೆನೀರು ನುಗ್ಗಿದರೆ ಎರಡೂ ನೆನೆಯುತ್ತವೆ. ನಾವು ಮೂರನೆಯ ಪ್ರತಿಯನ್ನು ಗುಪ್ತಲಿಪಿಯ ಬೀಗ ಹಾಕಿ, ಹಬ್ಬಕ್ಕೆ ಹೋಗುವಾಗ ಊರಿನ ಮನೆಯ ಪೆಟ್ಟಿಗೆಯಲ್ಲಿಟ್ಟು ಬರುತ್ತೇವೆ. ಮುಂದಿನ ಹಬ್ಬಕ್ಕೆ ಬದಲಾಯಿಸುತ್ತೇವೆ. ತಿರುಗಿ ತೆಗೆದು ನೋಡದ ಪ್ರತಿ, ಬಾಯಿ ಬಿಚ್ಚಿ ನೋಡದ ಅಕ್ಕಿಮೂಟೆಯಂತೆ. ಹುಳು ಬಿದ್ದದ್ದು ತಿಳಿಯುವುದು ಹಸಿವಾದಾಗಲೇ.

ಮತ್ತೊಂದು ಎಚ್ಚರಿಕೆ. ಮನೆಯ ಸರ್ವರಿಗೆ ಇಂಟರ್ನೆಟ್ಟಿನ ಬೀದಿಬಾಗಿಲು ತೆರೆದಿಡಬೇಡಿ. ತೆರೆದ ಬಾಗಿಲನ್ನು ತಟ್ಟುತ್ತ ತಿರುಗುವ ಕಳ್ಳ ಪ್ರೋಗ್ರಾಮುಗಳಿಗೆ ನಿದ್ದೆಯಿಲ್ಲ. ಹೊರಗಿನಿಂದ ಬೇಕೇ ಬೇಕೆಂದರೆ ವೈರ್‌ಗಾರ್ಡ್‌ನಂಥ ಖಾಸಗಿ ಓಣಿ ಮಾಡಿಕೊಳ್ಳಬೇಕು. ಭದ್ರತೆಯ ತಿದ್ದುಪಡಿಗಳನ್ನು ತಪ್ಪದೆ ಹಾಕಬೇಕು.

ಸರ್ವರ್ ಇದ್ದಲ್ಲಿ ಸಣ್ಣಪುಟ್ಟ ಪ್ರೋಗ್ರಾಮು ಬರೆಯುವ ಆಸೆ ತಾನೇ ಹುಟ್ಟುತ್ತದೆ. ನಾವು ಪೈಥಾನ್ ಮತ್ತು ಎಸ್‌ಕ್ಯೂಲೈಟ್ ಬಳಸಿ ಪುಸ್ತಕ ಎರವಲಿನ ಪಟ್ಟಿಯೊಂದನ್ನು ಮಾಡಿದ್ದೇವೆ; ಶೀರ್ಷಿಕೆ, ಲೇಖಕರು, ಒಯ್ದವರು, ಹಿಂದಿರುಗಿಸಿದ ದಿನ. ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಯುನಿಕೋಡಿನಲ್ಲಿರುವುದರಿಂದ ಹೊಸ ಬರಹಕ್ಕೆ ತೊಡಕಿಲ್ಲ. ಯುನಿಕೋಡಿಗೆ ಮುಂಚಿನ ಫಾಂಟುಗಳಲ್ಲಿ ಬೆರಳಚ್ಚಾದ ಕಡತಗಳನ್ನು ಮಾತ್ರ ಪರಿವರ್ತಿಸಬೇಕು. ಆ ಫಾಂಟು ಇಲ್ಲದ ಕಡೆ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಎಷ್ಟೋ ಸಂಘಗಳ ಹಳೆಯ ವರದಿ, ಸ್ಮರಣಸಂಚಿಕೆಗಳು ಈ ಸ್ಥಿತಿಯಲ್ಲಿರಬಹುದು. ತೆರೆಯಬಲ್ಲವರು ಇರುವಾಗಲೇ ಈ ಕೆಲಸ ಮುಗಿಯಲಿ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ನೋಟುಬುಕ್ಕು. ಯಂತ್ರ ಹೇಗೆ ಆರಂಭವಾಗುತ್ತದೆ, ಗುಪ್ತಪದವೇನು, ಪ್ರತಿಗಳು ಎಲ್ಲಿವೆ, ಕಡೆಯ ಬಾರಿ ಪರೀಕ್ಷಿಸಿದ್ದು ಯಾವಾಗ, ಎಲ್ಲವನ್ನೂ ತಿಳಿಗನ್ನಡದಲ್ಲಿ ಕೈಯಿಂದ ಬರೆದು ರೇಷನ್ ಕಾರ್ಡಿನ ಜೊತೆಗೆ ಬೀರುವಿನಲ್ಲಿಡಿ. ಮನೆಯಲ್ಲಿ ಒಬ್ಬನಿಗೇ ತಿಳಿದ ಸರ್ವರ್, ಆತ ವರ್ಗವಾಗಿ ಹೋದರೆ ಅಥವಾ ಹಾಸಿಗೆ ಹಿಡಿದರೆ, ಬೀಗದ ಕೈ ಕಳೆದ ತಿಜೋರಿ. ವರ್ಷಕ್ಕೊಮ್ಮೆ ಆ ಪುಸ್ತಕವನ್ನು ಮಡದಿಗೋ ಮಗಳಿಗೋ ಕೊಟ್ಟು, ಒಂದು ಚಿತ್ರ ತೆಗೆದು ತೋರಿಸೆನ್ನಿ. ತಾವು ತುಟಿ ಬಿಚ್ಚಬಾರದು. ಆಕೆ ತಡೆದು ನಿಂತ ಕಡೆ ಇನ್ನೂ ಎರಡು ಸಾಲು ಬರೆಯಬೇಕೆಂದು ತಿಳಿಯಿರಿ.

ಆಸಕ್ತರು ರಜೆಯ ದಿನ ವಾಚನಾಲಯಕ್ಕೆ ಹಳೆಯ ಯಂತ್ರ ತಂದರೆ ಕೂಡಿ ಮಾಡೋಣ.