ಚಪ್ಪರ ಬಿಚ್ಚಿದ ಮೇಲೆ ಉಳಿಯುವುದು

(ಶತಮಾನೋತ್ಸವದ ಸಮಾರೋಪ ಸಭೆಯಲ್ಲಿ ಆಚರಣ ಸಮಿತಿಯ ಪರವಾಗಿ ಮಾಡಿದ ಭಾಷಣ)



ಸಮಾರೋಪದ ಹೊತ್ತಿನಲ್ಲಿ ವಂದನೆ ಹೇಳುವುದು ರೂಢಿ. ಆ ಕರ್ತವ್ಯವನ್ನು ಸಮಿತಿಯ ಮತ್ತೊಬ್ಬರು ನೆರವೇರಿಸಲಿದ್ದಾರೆ. ನಮ್ಮ ಪಾಲಿಗೆ ಬಂದಿರುವುದು ಲೆಕ್ಕ ಒಪ್ಪಿಸುವ ಕೆಲಸ. ರೂಪಾಯಿಯ ಲೆಕ್ಕ ಶಾಲೆಯ ಸೂಚನಾಫಲಕದ ಮೇಲೆ ಇದೆ. ಯಾರು ಬೇಕಾದರೂ ಓದಬಹುದು, ಪ್ರಶ್ನಿಸಬಹುದು. ಆ ಅಂಕಿಗಳ ಹಿಂದೆ ನಡೆದ ಚರ್ಚೆ, ಆದ ತಪ್ಪು, ಕೈಗೊಂಡ ತೀರ್ಮಾನ ಇವುಗಳ ಲೆಕ್ಕ ಮಾತ್ರ ಫಲಕದ ಮೇಲೆ ಬರುವಂಥದ್ದಲ್ಲ. ಅದನ್ನು ನಿಮ್ಮ ಮುಂದಿಡುತ್ತೇವೆ.

ಸಮಿತಿಯ ಮೊದಲ ಸಭೆ ಇದೇ ಶಾಲೆಯ ಐದನೆಯ ತರಗತಿಯ ಕೋಣೆಯಲ್ಲಿ ಸೇರಿತು. ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಿಸಿ ಕುಳಿತ ನಾವು ಉತ್ಸಾಹದಿಂದ ಪಟ್ಟಿ ಮಾಡಿದೆವು: 3 ದಿನಗಳ ಉತ್ಸವ, ರಸ್ತೆಗೆ ಅಡ್ಡಲಾಗಿ ಕಮಾನು, ಬೆಂಗಳೂರಿನಿಂದ ವಾದ್ಯಗೋಷ್ಠಿ, ದೀಪಾಲಂಕಾರ, ಪ್ರತಿದಿನ ಊಟ. ಪಟ್ಟಿಯನ್ನು ಓದಿ ಮುಗಿಸಿದಾಗ ಹಿಂದಿನ ಬೆಂಚಿನಲ್ಲಿದ್ದ ಹಿರಿಯ ತಾಯಿಯೊಬ್ಬರು ಎದ್ದರು. ಅವರೂ, ಅವರ ಮಕ್ಕಳೂ, ಮೊಮ್ಮಕ್ಕಳೂ ಇಲ್ಲಿಯೇ ಕಲಿತವರು. “ನೂರು ವರ್ಷದ ಹಬ್ಬ ಮಾಡ್ರಪ್ಪ, ಬ್ಯಾಡ ಅನ್ನಂಗಿಲ್ಲ. ಆದ್ರೆ ನೂರಾ ಒಂದನೇ ವರ್ಷಕ್ಕ ಒಂದನೇ ತರಗತಿಗೆ ಎಷ್ಟು ಮಕ್ಕಳು ಬರ್ತಾವು, ಅದನ್ನ ಬರ್ಕೊಂಡೀರೇನು?” ಎಂದು ಕೇಳಿದರು.

ಬರೆದುಕೊಂಡಿರಲಿಲ್ಲ. ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಅಂದಿನ ಸಭೆ ಆ ಪ್ರಶ್ನೆಯೊಂದಿಗೇ ಮುಗಿಯಿತು.

ಎರಡನೆಯ ಸಭೆಯಲ್ಲಿ ನಮ್ಮ ನಿವೃತ್ತ ಇತಿಹಾಸ ಅಧ್ಯಾಪಕರು ಹಳೆಯ ಪ್ರಸಂಗವೊಂದನ್ನು ನೆನಪಿಸಿದರು. 1936ರಲ್ಲಿ, ವಿಜಯನಗರ ಸ್ಥಾಪನೆಯಾಗಿ 600 ವರ್ಷ ತುಂಬಿದಾಗ, ಹಂಪೆಯಲ್ಲಿ ಷಟ್‌ಶತಮಾನೋತ್ಸವ ಜರುಗಿತು. ಆಗ ನಮ್ಮ ಶಾಲೆ ಇನ್ನೂ ಎಳೆಯದು. ಹಂಪೆ ನಮಗೆ ಪರರಾಜ್ಯವಾಗಿರಲಿಲ್ಲ. ರಾಯದುರ್ಗ, ಆದವಾನಿ, ಆಲೂರು, ಹೊಸಪೇಟೆ ಎಲ್ಲವೂ ಮದರಾಸು ಪ್ರಾಂತದ ಒಂದೇ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. ಅಂದು ಆ ಉತ್ಸವಕ್ಕಾಗಿ ದುಡಿದವರು ಸಮಾರಂಭ ನಡೆಸಿದಷ್ಟಕ್ಕೇ ತೃಪ್ತರಾಗಲಿಲ್ಲ. ಹಲವು ವಿದ್ವಾಂಸರಿಂದ ಲೇಖನ ಬರೆಯಿಸಿ, ಧಾರವಾಡದಿಂದ ಒಂದು ದೊಡ್ಡ ಸ್ಮರಣ ಸಂಪುಟವನ್ನು ಹೊರತಂದರು. “ಅಂದಿನ ಚಪ್ಪರ ಎಷ್ಟು ಕಂಬದ್ದು, ಯಾರಿಗಾದರೂ ಗೊತ್ತೇ? ಆ ಸಂಪುಟವನ್ನು ಮಾತ್ರ ವಿಜಯನಗರದ ಚರಿತ್ರೆ ಓದುವವರು ಇಂದಿಗೂ ತೆರೆಯುತ್ತಾರೆ” ಎಂದರು ಗುರುಗಳು.

ಆ ಉತ್ಸವ ನಡೆದು 17 ವರ್ಷಗಳಿಗೆ, 1953ರ ಅಕ್ಟೋಬರ್ 1ರಂದು, ಆಂಧ್ರ ರಾಜ್ಯ ಉದಯಿಸಿತು. ಬಳ್ಳಾರಿ ಜಿಲ್ಲೆ ಹರಿದು ಹಂಚಿಹೋಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು, ಉಳಿದವು ಮೈಸೂರಿಗೆ ಹೋದವು. ನಮ್ಮ ಊರು ಇದ್ದಲ್ಲಿಯೇ ಇತ್ತು, ಶಾಲೆಯೂ ಇದ್ದಲ್ಲಿಯೇ ಇತ್ತು. ಗೆರೆ ಮಾತ್ರ ನಮ್ಮನ್ನು ದಾಟಿ ಹೋಯಿತು. ಒಂದು ಜಿಲ್ಲೆಯ ಬಹುಜನರ ಭಾಷೆಯಾಗಿದ್ದ ಕನ್ನಡ ಇಲ್ಲಿ ಅಲ್ಪಸಂಖ್ಯಾತರ ಭಾಷೆಯಾಯಿತು. ಅಂದಿನಿಂದ ಈ ಶಾಲೆ ಅಕ್ಷರ ಕಲಿಸುವುದರ ಜೊತೆಗೆ, ಮನೆಯ ಮಾತು ಮನೆಯೊಳಗೇ ಬಾಡದಂತೆ ಕಾಯುವ ಕೆಲಸವನ್ನೂ ಮಾಡುತ್ತ ಬಂದಿದೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಮೊದಲ ಪಟ್ಟಿಯನ್ನು ಹರಿದು ಹಾಕಿದೆವು. ಉತ್ಸವ ಒಂದೇ ದಿನ ಸಾಕೆಂದು ಒಪ್ಪಿದೆವು. ಕಮಾನು, ವಾದ್ಯಗೋಷ್ಠಿ ಕೈಬಿಟ್ಟೆವು. ಬರುವ ಪ್ರತಿ ರೂಪಾಯಿಯಲ್ಲಿ 40 ಪೈಸೆ ಉತ್ಸವಕ್ಕೂ ಸ್ಮರಣ ಸಂಪುಟಕ್ಕೂ, 60 ಪೈಸೆ ಶಾಶ್ವತ ನಿಧಿಗೂ ಸಲ್ಲಬೇಕೆಂದು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ರುಜು ಹಾಕಿದೆವು.

ಹಣ ಎತ್ತುವುದಕ್ಕೆ ಮೊದಲು ಮನೆ ಕಟ್ಟಿಕೊಳ್ಳಬೇಕಾಯಿತು. ಹೆಸರಿಗೊಂದು ಸಮಿತಿ ಇದ್ದರೆ ಸಾಲದು. 2001ರ ಸಂಘಗಳ ನೋಂದಣಿ ಕಾಯಿದೆಯಡಿ ನೋಂದಣಿ, ಪ್ಯಾನ್ ಕಾರ್ಡು, ಬ್ಯಾಂಕ್ ಖಾತೆ, ಚೆಕ್ಕಿಗೆ ಮೂವರ ರುಜು ಇವೆಲ್ಲ ಆದ ಬಳಿಕವೇ ಮನೆಮನೆಗೆ ಹೊರಟೆವು. ಆದಾಯ ತೆರಿಗೆಯ 80ಜಿ ರಿಯಾಯಿತಿ ಬಯಸುವವರು ₹2,000ಕ್ಕೆ ಮೀರಿದ ದೇಣಿಗೆಯನ್ನು ನಗದಾಗಿ ಕೊಟ್ಟರೆ ಆ ರಿಯಾಯಿತಿ ದೊರೆಯುವುದಿಲ್ಲ. ಇದನ್ನು ನೌಕರಿಯಲ್ಲಿರುವ ಹಳೆಯ ವಿದ್ಯಾರ್ಥಿಗಳಿಗೆ ಮುಂಚೆಯೇ ತಿಳಿಸಿದೆವು. ಶಿಕ್ಷಣ ಹಕ್ಕು ಕಾಯಿದೆ ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೂ ಅರ್ಧದಷ್ಟು ಮಹಿಳೆಯರೂ ಇರಬೇಕೆನ್ನುತ್ತದೆ. ಉತ್ಸವ ಸಮಿತಿಗೆ ಅದು ಅನ್ವಯಿಸದಿದ್ದರೂ ತಾಯಂದಿರನ್ನು ಸೇರಿಸಿಕೊಂಡೆವು. ಯಾವ ಮನೆಗೆ ಯಾವಾಗ ಹೋಗಬೇಕು, ಯಾವ ಮನೆಯಲ್ಲಿ ಈ ವರ್ಷ ಕೇಳಲೇಬಾರದು ಎಂಬುದು ಅವರಿಗೆ ತಿಳಿದಷ್ಟು ನಮಗೆ ತಿಳಿದಿರಲಿಲ್ಲ.

ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅವಸರದಲ್ಲಿ ಅಚ್ಚು ಹಾಕಿಸಿದ ಮೊದಲ ರಸೀದಿ ಪುಸ್ತಕಗಳಲ್ಲಿ ಕ್ರಮಸಂಖ್ಯೆಯೇ ಇರಲಿಲ್ಲ. ಒಂದು ವಾರದ ನಂತರ ಅದು ಗಮನಕ್ಕೆ ಬಂತು. ಒಂದು ಪೈಸೆಯೂ ಆಚೀಚೆ ಆಗಿರಲಿಲ್ಲ ನಿಜ. ಆದರೆ ಆಗಿಲ್ಲವೆಂದು ತೋರಿಸುವ ದಾರಿಯೂ ಇರಲಿಲ್ಲ. ಕೊಟ್ಟವರ ಮನೆಗಳಿಗೆ ಮತ್ತೆ ಹೋಗಿ, ಹಳೆಯ ರಸೀದಿ ಹಿಂಪಡೆದು, ಸಂಖ್ಯೆಯಿದ್ದ ಹೊಸದನ್ನು ಕೊಟ್ಟೆವು. ನಾಚಿಕೆಯಾಯಿತು. ಆದರೆ ಎರಡನೆಯ ಬಾರಿ ಹೋದಾಗಲೇ ಕೆಲವರು ಇನ್ನಷ್ಟು ಕೊಟ್ಟರು ಎಂಬುದನ್ನೂ ಹೇಳಬೇಕು.

ಇನ್ನೊಂದು ಪರೀಕ್ಷೆ ಎದುರಾಯಿತು. ಹಳೆಯ ವಿದ್ಯಾರ್ಥಿಯೊಬ್ಬರು ಉತ್ಸವದ ವೆಚ್ಚವನ್ನೆಲ್ಲ ತಾವೊಬ್ಬರೇ ಭರಿಸಲು ಮುಂದೆ ಬಂದರು. ಶಾಲೆಯ ಹೆಬ್ಬಾಗಿಲಿಗೆ ಅವರ ತಂದೆಯವರ ಹೆಸರಿಡಬೇಕೆಂಬುದೊಂದೇ ಕೋರಿಕೆ. ಅವರ ಪಿತೃಭಕ್ತಿಯಲ್ಲಿ ಹುಸಿ ಇರಲಿಲ್ಲ. ನಮಗೂ ಆಸೆ ಆಗಲಿಲ್ಲವೆಂದರೆ ಸುಳ್ಳಾದೀತು. ಎರಡು ಸಭೆಗಳಲ್ಲಿ ವಾದ ನಡೆಯಿತು. ಕೊನೆಗೆ ನಿರ್ಧರಿಸಿದ್ದು ಇಷ್ಟು: ಒಬ್ಬರ ಹಣದಲ್ಲಿ ನಡೆದ ಹಬ್ಬ ಒಬ್ಬರ ಹಬ್ಬವಾದೀತು, ಊರಿನ ಹಬ್ಬವಾಗಬೇಕಾದರೆ ಊರೇ ಕೊಡಬೇಕು. ಕಟ್ಟಡಕ್ಕೆ ಯಾರ ಹೆಸರೂ ಬೇಡ. ಸ್ಮರಣ ಸಂಪುಟದಲ್ಲಿ ಎಲ್ಲ ದಾನಿಗಳ ಹೆಸರೂ ಅಕಾರಾದಿಯಾಗಿ, ಮೊತ್ತವಿಲ್ಲದೆ ಅಚ್ಚಾಗಲಿ. ಈ ಉತ್ತರ ಕೇಳಿ ಅವರು ಮೌನವಾಗಿ ಹೋದರು. ಒಂದು ತಿಂಗಳು ಕಳೆದ ಮೇಲೆ ಮರಳಿ ಬಂದು ನಿಧಿಗೆ ತಮ್ಮ ಪಾಲು ಕೊಟ್ಟರು. ಅಕಾರಾದಿಯಲ್ಲಿ ಅವರ ಹೆಸರಿನ ಪಕ್ಕದಲ್ಲಿ ರಾಯದುರ್ಗದ ಜೀನ್ಸ್ ಹೊಲಿಗೆಯ ಘಟಕವೊಂದರಲ್ಲಿ ದುಡಿಯುವ ಹಳೆಯ ವಿದ್ಯಾರ್ಥಿನಿಯ ಹೆಸರಿದೆ. ಒಂದು ದಿನದ ಕೂಲಿಯನ್ನು ಆಕೆ ಲಕೋಟೆಯಲ್ಲಿ ಹಾಕಿ ತಂದಿದ್ದಳು.

ಈ ಸೀಮೆಯಲ್ಲಿ ದುಡ್ಡು ಕೈಗೆ ಬರುವುದು ಶೇಂಗಾ ಕಿತ್ತು ಮಾರಿದ ಮೇಲೆ. ಮಳೆಯ ಮುಖ ನೋಡಿ ನಾವು ಎರಡು ಸಲ ವಸೂಲಿಯನ್ನು ಮುಂದೂಡಿದೆವು. ನೆರೆಯ ತೆಲುಗು ಕುಟುಂಬಗಳು ಕೇಳದೆಯೇ ಕೊಟ್ಟವು. ಇಂದು ನೀವು ಕುಳಿತಿರುವ ಬೆಂಚುಗಳಲ್ಲಿ ಅರ್ಧ ತೆಲುಗು ಮಾಧ್ಯಮದ ಶಾಲೆಯಿಂದ ಎರವಲು ಬಂದವು. ಕನ್ನಡದ ಕುಮಾರವ್ಯಾಸನನ್ನು ಓದುವ ಮನೆಯ ಪಕ್ಕದಲ್ಲಿಯೇ, ಕೃಷ್ಣದೇವರಾಯ ತೆಲುಗಿನಲ್ಲಿ ರಚಿಸಿದ ಆಮುಕ್ತಮಾಲ್ಯದವನ್ನು ಓದುವ ಮನೆಯೂ ಇರುವ ನೆಲ ಇದು. ನಮ್ಮ ಭಾಷೆಯನ್ನು ಉಳಿಸಿಕೊಳ್ಳುವುದಕ್ಕೆ ಇನ್ನೊಂದು ಭಾಷೆಯೊಡನೆ ಜಗಳ ಬೇಕಿಲ್ಲ.

ಇನ್ನು ಶಾಶ್ವತ ನಿಧಿಯ ವಿಚಾರ. ಅದರ ಅಸಲನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದೇವೆ. ಅಸಲನ್ನು ಮುಟ್ಟುವಂತಿಲ್ಲ. ಬಡ್ಡಿಯಿಂದ ಎರಡು ಕೆಲಸ ನಡೆಯಬೇಕು: ಕನ್ನಡ ಬಲ್ಲ ಶಿಕ್ಷಕರ ಹುದ್ದೆ ಖಾಲಿಯಿರುವಾಗ ಅತಿಥಿ ಶಿಕ್ಷಕರಿಗೆ ಗೌರವಧನ; ಹಳ್ಳಿಗಳಿಂದ ಒಂದು, ಎರಡನೆಯ ತರಗತಿಗೆ ಬರುವ ಮಕ್ಕಳಿಗೆ ಆಟೋ ಬಾಡಿಗೆ.

ಇದಕ್ಕೂ ಆಕ್ಷೇಪ ಬಂತು, ತೂಕದ ಆಕ್ಷೇಪವೇ. ನಾವೇ ಸಂಬಳ ಕೊಡತೊಡಗಿದರೆ ಸರ್ಕಾರ ಹುದ್ದೆಯನ್ನು ಏಕೆ ತುಂಬುತ್ತದೆ ಎಂದು ಯುವ ಪೋಷಕರೊಬ್ಬರು ಕೇಳಿದರು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು ರಾಜ್ಯಗಳೂ ಸ್ಥಳೀಯ ಸಂಸ್ಥೆಗಳೂ ಪ್ರಯತ್ನಿಸಬೇಕೆಂದು ಹೇಳುತ್ತದೆ. ಆ ಪ್ರಯತ್ನವನ್ನು ನೆನಪಿಸುವ ಹೊಣೆ ನಮ್ಮದು. ಆದ್ದರಿಂದ ನಿಧಿಯ ನಿಯಮಾವಳಿಯಲ್ಲಿ ಒಂದು ಷರತ್ತು ಸೇರಿತು: ಪ್ರತಿವರ್ಷ ಶಾಲೆ ತೆರೆಯುವ ಮುನ್ನ ಖಾಲಿ ಹುದ್ದೆಗಾಗಿ ಲಿಖಿತ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆದಿದ್ದರೆ ಮಾತ್ರ ಗೌರವಧನದ ಹಣ ಬಿಡುಗಡೆ; ಕಾಯಂ ಶಿಕ್ಷಕರು ಬಂದ ದಿನವೇ ಅದು ನಿಲುಗಡೆ. ನಿಧಿ ಊರುಗೋಲಾಗಲಿ, ಕಾಲಿನ ಬದಲು ಆಗದಿರಲಿ.

ಬಂಧುಗಳೇ, ನಾಳೆ ಬೆಳಗ್ಗೆ ಈ ಚಪ್ಪರವನ್ನು ಬಿಚ್ಚುತ್ತಾರೆ. ಪಾತ್ರೆಗಳೂ ಬೆಂಚುಗಳೂ ತಮ್ಮ ತಮ್ಮ ಸ್ಥಳಕ್ಕೆ ಹಿಂದಿರುಗುತ್ತವೆ. ಉಳಿಯುವುದು ಒಂದು ಪುಸ್ತಕ, ಒಂದು ಠೇವಣಿ ಪತ್ರ, ಸೂಚನಾಫಲಕದ ಮೇಲಿನ ಒಂದು ಹಾಳೆ. ಆದರೆ ಮಕ್ಕಳಿಲ್ಲದ ಶಾಲೆಗೆ ಯಾವ ನಿಧಿಯೂ ಜೀವ ತುಂಬಲಾರದು. ಆದುದರಿಂದ ತಾಯಿತಂದೆಯರಲ್ಲಿ ನಮ್ಮ ಬಿನ್ನಹ: ನಿಮ್ಮ ಮಗು ಕನ್ನಡದಲ್ಲಿ ಓದಲು ತೊಡಗಿ, ತೆಲುಗನ್ನೂ ಇಂಗ್ಲಿಷನ್ನೂ ಚೆನ್ನಾಗಿ ಕಲಿಯಲಿ, ಕಲಿಸದಿದ್ದರೆ ಬಂದು ನಮ್ಮನ್ನು ಕೇಳಿ. ಹಳೆಯ ವಿದ್ಯಾರ್ಥಿಗಳಲ್ಲಿ: ವರ್ಷಕ್ಕೊಮ್ಮೆ ಬನ್ನಿ, ಲೆಕ್ಕ ನೋಡಿ, ಒಂದು ತರಗತಿಗೆ ಪಾಠ ಹೇಳಿ ಹೋಗಿ. ಗುರುಗಳಲ್ಲಿ: ನೀವು ಹೊತ್ತಿರುವ ಭಾರ ನಮಗೆ ತಿಳಿದಿದೆ, ಅದನ್ನು ನೀವು ಒಬ್ಬರೇ ಹೊರಬೇಕಾಗಿಲ್ಲ.

ಮೊದಲ ಸಭೆಯಲ್ಲಿ ಪ್ರಶ್ನೆ ಕೇಳಿದ ಆ ತಾಯಿ ಇಂದು ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅಮ್ಮಾ, ನಿಮ್ಮ ಪ್ರಶ್ನೆಯನ್ನು ನಡಾವಳಿ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡಿದ್ದೇವೆ. ಅದರ ಕೆಳಗೆ ಜಾಗ ಖಾಲಿ ಬಿಟ್ಟಿದ್ದೇವೆ. ಬರುವ ಜೂನ್‌ನಲ್ಲಿ ಒಂದನೆಯ ತರಗತಿಯ ಹಾಜರಿ ಪುಸ್ತಕ ತೆರೆದ ದಿನ, ಆ ಸಂಖ್ಯೆಯನ್ನು ನಿಮ್ಮ ಕೈಯಿಂದಲೇ ಅಲ್ಲಿ ಬರೆಯಿಸುತ್ತೇವೆ.