ಹಸಿವು, ನಿದ್ದೆ ಮತ್ತು ಮನಸ್ಸಿನ ಗಟ್ಟಿತನ



ಕಣ ಕಾದು, ರಾತ್ರಿ ನೀರು ಹಾಯಿಸಿ ನಿದ್ದೆಗೆಟ್ಟವರು ನೀವು. ಅಮೆರಿಕದ ಸೈನ್ಯದಲ್ಲಿ 1950ರಲ್ಲಿ ಆರಂಭವಾದ ರೇಂಜರ್ ಶಾಲೆಯಲ್ಲಿ ಇದೇ ಪಾಠ. ಸುಮಾರು ಎರಡು ತಿಂಗಳು ಅರೆಹೊಟ್ಟೆ, ಅರೆನಿದ್ದೆ. ಬೆನ್ನ ಮೇಲೆ ಹೊರೆ. ಆ ಸ್ಥಿತಿಯಲ್ಲೇ ಸರದಿಯಂತೆ ಒಬ್ಬೊಬ್ಬನೂ ತಂಡವನ್ನು ನಡೆಸಬೇಕು.

ಅಲ್ಲಿ ಕೊನೆಯವರೆಗೆ ನಿಲ್ಲಲು ಗಟ್ಟಿ ಮೈಯೊಂದೇ ಸಾಲದು. ಉಳಿದ ದಿನಗಳನ್ನು ಎಣಿಸದೆ ಎದುರಿನ ಕೆಲಸವನ್ನಷ್ಟೇ ನೋಡಬೇಕು. ತೂಕಡಿಸುವ ಜೊತೆಗಾರನನ್ನು ಎಚ್ಚರಿಸಿ, ತಾನೂ ಅವನ ಮಾತು ಕೇಳಬೇಕು. ನಿದ್ದೆಗೆಟ್ಟ ತಲೆ ತಾನು ಸರಿಯಾಗಿಯೇ ಇದ್ದೇನೆ ಎನ್ನುತ್ತದೆ, ನಂಬಬೇಡಿರಿ. ಅಂಥ ರಾತ್ರಿ ಪಂಪಿನ ಬಳಿ ಇನ್ನೊಬ್ಬರು ಜೊತೆಗಿರಲಿ.

ಮನಸ್ಸು ಎಷ್ಟು ಗಟ್ಟಿಯಿದ್ದರೂ ಚಳಿ ಕೇಳುವುದಿಲ್ಲ. 1995ರ ಫೆಬ್ರವರಿಯಲ್ಲಿ ಫ್ಲಾರಿಡಾದ ಜೌಗುನೀರಿನಲ್ಲಿ ಈ ಶಾಲೆಯ ನಾಲ್ವರು ಮೈ ತಣ್ಣಗಾಗಿ ಸತ್ತರು. ಆಮೇಲೆ, ನೀರಿನಲ್ಲಿ ಎಷ್ಟು ಹೊತ್ತು ಇರಬಹುದೆಂಬ ನಿಯಮವನ್ನು ಬಿಗಿ ಮಾಡಿದರು.