ಗರ್ಭಕೋಶ ಜಾರಿದರೆ ಮುಚ್ಚಿಡಬೇಡಿ



ಇವತ್ತು ಪಾಠ ಇಲ್ಲ. ಪುಸ್ತಕ ಮುಚ್ಚಿಡಿ. ಒಂದು ಮಾತು ಆಡಬೇಕಾಗಿದೆ. ಗಂಡಸರು ಯಾರಾದರೂ ಜಗುಲಿಯಲ್ಲಿ ನಿಂತಿದ್ದರೆ ಅವರೂ ಕೇಳಲಿ. ಇದು ಅವರ ಮನೆಯ ವಿಷಯವೂ ಹೌದು.

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬರು ಅಕ್ಕ ಬರುತ್ತಾರೆ. 'ನನ್ನ ಕತೆ ಹೇಳಿ, ಹೆಸರು ಬೇಡ' ಅಂದಿದ್ದಾರೆ. ಅವರು ಮೊದಲು ದಿನಾ ಬಾಗಿಲ ಹತ್ತಿರವೇ ಕೂರುತ್ತಿದ್ದರು. 'ಅಕ್ಕಾ, ಮುಂದೆ ಬನ್ನಿ, ಇಲ್ಲಿ ಬೆಳಕು ಚೆನ್ನಾಗಿದೆ' ಅಂದರೆ, 'ಇರ್ಲಿ ಟೀಚರೇ, ನಂಗೆ ಇಲ್ಲೇ ಸರಿ' ಅನ್ನೋರು. ಕೆಮ್ಮು ಬಂದರೆ ತಟ್ಟನೆ ಎದ್ದು ಹೊರಗೆ ಹೋಗೋರು. ಇವರಿಗೆ ಓದಿನಲ್ಲಿ ಮನಸ್ಸಿಲ್ಲ ಅಂತ ನಾವು ತಿಳಿದೆವು. ಅದು ನಮ್ಮ ತಪ್ಪು.

ಒಂದು ದಿನ ಎಲ್ಲರೂ ಹೋದ ಮೇಲೆ ಅವರೇ ಹೇಳಿದರು. 'ಕೆಮ್ಮಿದ್ರೆ, ಸೀನಿದ್ರೆ ಉಚ್ಚೆ ಹೋಗ್ತದೆ ಟೀಚರೇ. ಸಂಜೆ ಹೊತ್ತಿಗೆ ಕೆಳಗೆ ಕೋಳಿಮೊಟ್ಟೆಯಷ್ಟು ಏನೋ ಹೊರಗೆ ಬರ್ತದೆ. ಮಲಗಿದ್ರೆ ಒಳಗೆ ಹೋಗ್ತದೆ. ದೇವಸ್ಥಾನದ ಒಳಗೆ ಹೋಗಿ ನಾಲ್ಕು ವರ್ಷ ಆಯ್ತು.'

ಯೋಚನೆ ಮಾಡಿ. ಎಲ್ಲೆಲ್ಲಿಂದಲೋ ಜನ ಘಾಟಿ ಹತ್ತಿ ಹೊರನಾಡಿಗೆ ಬರುತ್ತಾರೆ. ಅನ್ನಪೂರ್ಣೇಶ್ವರಿಯ ಪಂಕ್ತಿಯಲ್ಲಿ ಕೂತು ಊಟ ಮಾಡುತ್ತಾರೆ. ಇದೇ ಊರಿನ ಹೆಂಗಸಿಗೆ ಆ ಪಂಕ್ತಿಯಲ್ಲಿ ಕೂರುವ ಧೈರ್ಯ ಇಲ್ಲ. ಸೀರೆ ಒದ್ದೆಯಾದರೆ ಏನು ಗತಿ ಅನ್ನೋ ಭಯ.

ಇದಕ್ಕೆ ಗರ್ಭಕೋಶ ಜಾರುವುದು ಅನ್ನುತ್ತಾರೆ. ಇದು ಶಾಪ ಅಲ್ಲ, ಪಾಪದ ಫಲ ಅಲ್ಲ, ಅಂಟುರೋಗವೂ ಅಲ್ಲ. ಕಾಫಿ ಕುಯ್ಯುವ ಕುಕ್ಕೆಯನ್ನು ನೆನೆಸಿಕೊಳ್ಳಿ. ತಳದ ಹೆಣಿಗೆ ಗಟ್ಟಿ ಇರುವ ತನಕ ಹಣ್ಣು ಒಳಗೆ ಇರುತ್ತದೆ. ತಳ ಸಡಿಲವಾದರೆ ಹಣ್ಣು ಕೆಳಗೆ ಜೋಲುತ್ತದೆ. ನಮ್ಮ ಹೊಟ್ಟೆಯ ತಳದಲ್ಲೂ ಅಂಥದೇ ಮಾಂಸಖಂಡದ ಹೆಣಿಗೆ ಇದೆ. ಗರ್ಭಕೋಶ, ಮೂತ್ರಚೀಲ, ಮಲದ ಕರುಳು ಮೂರನ್ನೂ ಅದು ಹಿಡಿದಿರುತ್ತದೆ. ಹೆರಿಗೆಯಲ್ಲಿ ಅದು ಎಳೆದು ಸಡಿಲವಾಗುತ್ತದೆ. ಮುಟ್ಟು ನಿಂತ ಮೇಲೆ ಇನ್ನೂ ಸಡಿಲ. ಭಾರ ಹೊರುವುದು, ಬಹಳ ದಿನದ ಕೆಮ್ಮು, ಮಲಬದ್ಧತೆಯಿಂದ ಮುಕ್ಕುವುದು, ಇವೆಲ್ಲ ಅದನ್ನು ಇನ್ನೂ ಕೆಳಗೆ ತಳ್ಳುತ್ತವೆ.

ಭಾರ ಅಂದರೆ ನಮಗೆ ಹೇಳಿಕೊಡಬೇಕೆ? ಸೊಪ್ಪಿನ ಹೊರೆ, ಸೌದೆ ಹೊರೆ, ಕುಯ್ಲು ಶುರುವಾದರೆ ಕಾಫಿ ಮೂಟೆ. ಬಾಣಂತನ ಮುಗಿಯುವ ಮೊದಲೇ ತೋಟಕ್ಕೆ ಇಳಿದವರು ಇಲ್ಲೇ ಎಷ್ಟು ಜನ ಇದ್ದೀರಿ! ಹೆರಿಗೆ ರಜೆಯ ಕಾಯ್ದೆ ಬಂದದ್ದು 1961ರಲ್ಲಿ. ತೋಟದ ಕೆಲಸದವರಿಗೂ ಅದರಲ್ಲಿ ಹಕ್ಕು ಕೊಟ್ಟರು. 2017ರಲ್ಲಿ ಮೊದಲ ಎರಡು ಹೆರಿಗೆಗೆ ಸಂಬಳದ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಲೈನ್ ಮನೆಗಳಲ್ಲಿ ಇದು ಎಷ್ಟು ಜನರಿಗೆ ಸಿಕ್ಕಿದೆ ಅಂತ ಕೇಳಿದರೆ ಎಲ್ಲರೂ ನೆಲ ನೋಡುತ್ತಾರೆ. ಆ ಮಾತು ಇನ್ನೊಂದು ದಿನ ಆಡೋಣ.

ನೇಪಾಳವೂ ನಮ್ಮಂಥ ಗುಡ್ಡದ ನಾಡು. ಅಲ್ಲಿನ ಹೆಂಗಸರು ಬೆನ್ನಿಗೆ ಬುಟ್ಟಿ ಕಟ್ಟಿ ಹೊರೆ ಹೊರುತ್ತಾರೆ. ಅಲ್ಲಿ ಈ ತೊಂದರೆ ಬಹಳ. ಮಾತು ಕೋರ್ಟಿನ ತನಕ ಹೋಯಿತು. ಇದಕ್ಕೆ ಪರಿಹಾರ ಕೊಡುವುದು ಸರ್ಕಾರದ ಹೊಣೆ ಅಂತ 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ಅಲ್ಲಿನ ಹೆಂಗಸರು ಬಾಯಿಬಿಟ್ಟು ಹೇಳಿದ್ದರಿಂದ ಇದೆಲ್ಲ ಆಯಿತು.

ಇನ್ನು ಆ ಅಕ್ಕನ ಮಾತಿಗೆ ಬರೋಣ. ಅವರು ಹಿಂದೆ ಒಂದು ಕಡೆ ತೋರಿಸಿದ್ದರಂತೆ. 'ಗರ್ಭಕೋಶ ತೆಗೆಸಿಬಿಡಿ' ಅಂದರಂತೆ. ಬೇರೆ ಮಾತೇ ಇಲ್ಲ. ಹೆದರಿ ವಾಪಸು ಬಂದು ಮುಚ್ಚಿಟ್ಟುಕೊಂಡರು. ಆಪರೇಷನ್ ಕೆಟ್ಟದ್ದು ಅಂತ ನಾವು ಹೇಳುವುದಿಲ್ಲ. ಕೆಲವರಿಗೆ ಅದೇ ಬೇಕಾಗುತ್ತದೆ. ಆದರೆ ಕಲಬುರಗಿ ಕಡೆ ತಾಂಡಾಗಳ ಬಡ ಹೆಂಗಸರ ಗರ್ಭಕೋಶವನ್ನು ಕಾರಣವಿಲ್ಲದೆ ತೆಗೆದರು ಅಂತ 2015ರಲ್ಲಿ ದೊಡ್ಡ ಹೋರಾಟವೇ ನಡೆಯಿತು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಬೇಕು ಅಂತ 2023ರಲ್ಲಿ ನಮ್ಮ ಸುಪ್ರೀಂ ಕೋರ್ಟೂ ಎಲ್ಲ ರಾಜ್ಯಗಳಿಗೆ ಹೇಳಿತು. ಅದಕ್ಕೇ, ಯಾರಾದರೂ 'ತೆಗೆಸಿ' ಅಂದರೆ, 'ಬೇರೆ ದಾರಿ ಇದೆಯಾ?' ಅಂತ ಕೇಳಬೇಕು.

ಬೇರೆ ದಾರಿ ಇದೆ. ಅದರ ಹೆಸರು ಪೆಸರಿ.

ಪೆಸರಿ ಅಂದರೆ ಬಳೆಯಂಥ ಒಂದು ಉಂಗುರ. ಮೆತ್ತಗಿರುತ್ತದೆ, ಮಡಚಬಹುದು. ಸಿಲಿಕಾನ್ ಅನ್ನುವ ರಬ್ಬರಿನಂಥ ವಸ್ತುವಿನಲ್ಲಿ ಮಾಡುತ್ತಾರೆ. ಸಾಮಾನ್ಯವಾಗಿ ಎರಡೂವರೆ, ಮೂರು ಅಂಗುಲ ಅಗಲ. ಡಾಕ್ಟರು ಅದನ್ನು ಮಡಚಿ ಯೋನಿಯ ಒಳಗೆ ಕೂರಿಸುತ್ತಾರೆ. ಒಳಗೆ ಅದು ಬಿಚ್ಚಿಕೊಂಡು ಗರ್ಭಕೋಶಕ್ಕೆ ಆಸರೆ ಕೊಡುತ್ತದೆ. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ. ಉಚ್ಚೆ ಸೋರುವವರಿಗೆ ಗುಬುಟು ಇರುವ ಉಂಗುರವೂ ಇದೆ. ಆ ಗುಬುಟು ಮೂತ್ರದ ದಾರಿಗೆ ಆನಿಕೊಂಡು, ಕೆಮ್ಮಿದಾಗ ಸೋರದ ಹಾಗೆ ತಡೆಯುತ್ತದೆ. ಇದು ಹೊಸ ಉಪಾಯವೇನೂ ಅಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಸ್ ದೇಶದಲ್ಲಿ ಅರ್ಧ ದಾಳಿಂಬೆ ಇಟ್ಟು ತಡೆಯುತ್ತಿದ್ದರಂತೆ! ನೀವು ಮಾತ್ರ ಮನೆಯಲ್ಲಿ ಹಣ್ಣು, ಬಟ್ಟೆ, ಬೇರು ಏನನ್ನೂ ಇಡಬೇಡಿ. ಹುಣ್ಣಾಗುತ್ತದೆ.

'ಹೊಟ್ಟೆ ಒಳಗೆ ಕಳೆದುಹೋದ್ರೆ?' ಅಂತ ಅಕ್ಕ ಕೇಳಿದರು. ಹೋಗುವುದಿಲ್ಲ. ಆ ದಾರಿ ಮೇಲೆ ಮುಚ್ಚಿದೆ. 'ಕೆಲಸ ಮಾಡೂಕೆ ಆಗ್ತದಾ?' ಆಗುತ್ತದೆ. ಅಳತೆ ಸರಿಯಾಗಿದ್ದರೆ ಒಳಗೆ ಇದೆ ಅಂತಲೇ ಗೊತ್ತಾಗುವುದಿಲ್ಲ. ಚಪ್ಪಲಿಗೆ ಹೇಗೆ ಅಳತೆ ಇದೆಯೋ ಹಾಗೆ ಇದಕ್ಕೂ ಅಳತೆ ಇದೆ. ಹಾಕಿಸಿಕೊಂಡ ತಕ್ಷಣ ಮನೆಗೆ ಓಡಿಬರಬೇಡಿ. ಅಲ್ಲೇ ನಡೆಯಿರಿ, ಕುಕ್ಕರಗಾಲಲ್ಲಿ ಕೂರಿ, ಕೆಮ್ಮಿ, ಉಚ್ಚೆ ಹೊಯ್ಯಿರಿ. ನೋವಾದರೆ, ಜಾರಿದರೆ, ಉಚ್ಚೆ ಬರದಿದ್ದರೆ ಹೇಳಿ. ಬೇರೆ ಅಳತೆಯದು ಹಾಕುತ್ತಾರೆ. ಅಕ್ಕನಿಗೆ ಮೊದಲನೆಯದು ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಜಾರಿತು. ಅಳುತ್ತಾ ವಾಪಸು ಹೋದರು. ಎರಡನೆಯದು ಕೂತಿತು.

ಒಮ್ಮೆ ಹಾಕಿ ಮರೆತುಬಿಡುವ ವಸ್ತು ಅಲ್ಲ ಇದು. ಇಲ್ಲಿ ಸ್ವಲ್ಪ ಗಮನ ಕೊಡಿ. ಮೊದಲು ಒಂದೆರಡು ವಾರದಲ್ಲಿ ತೋರಿಸಬೇಕು. ಆಮೇಲೆ ಮೂರು ತಿಂಗಳಿಗೋ ಆರು ತಿಂಗಳಿಗೋ, ಡಾಕ್ಟರು ಹೇಳಿದಂತೆ ಹೋಗಿ ತೆಗೆಸಿ, ತೊಳೆಸಿ, ಹಾಕಿಸಿಕೊಳ್ಳಬೇಕು. ವರ್ಷಗಟ್ಟಲೆ ಹಾಗೇ ಬಿಟ್ಟರೆ ಒಳಗೆ ಹುಣ್ಣಾಗಿ ಮಾಂಸಕ್ಕೆ ಹೂತುಕೊಳ್ಳುತ್ತದೆ. ಕೆಟ್ಟ ವಾಸನೆ, ರಕ್ತ, ನೋವು ಕಂಡರೆ ದಿನ ಕಾಯಬಾರದು. ಉಚ್ಚೆ ಕಟ್ಟಿದರೆ ಅದೇ ದಿನ ಹೋಗಬೇಕು. ತಾವೇ ತೆಗೆದು, ಸೋಪು ನೀರಲ್ಲಿ ತೊಳೆದು, ಹಾಕಿಕೊಳ್ಳುವುದನ್ನೂ ಕಲಿಯಬಹುದು. ನರ್ಸಮ್ಮನವರನ್ನು ಕೇಳಿ, ಕಲಿಸುತ್ತಾರೆ. ಗಂಡ ಹೆಂಡತಿ ಕೂಡುವುದಕ್ಕೂ ಉಂಗುರ ಅಡ್ಡಿಯಿಲ್ಲ, ಬೇಕಾದರೆ ತೆಗೆದಿಡಬಹುದು. ಆದರೆ ಇದು ಬಸಿರು ತಡೆಯುವ ಸಾಧನ ಅಲ್ಲ. ಕಾಪರ್-ಟಿ ಬೇರೆ, ಇದು ಬೇರೆ.

ಉಂಗುರದ ಜೊತೆಗೆ ಒಂದು ವ್ಯಾಯಾಮ ಇದೆ. ಅಮೆರಿಕದ ಕೆಗೆಲ್ ಅನ್ನುವ ಡಾಕ್ಟರು 1948ರಲ್ಲಿ ಇದರ ಬಗ್ಗೆ ಬರೆದರು. ಉಚ್ಚೆ ತಡೆದು ಹಿಡಿಯುವಾಗ ಬಿಗಿಯುತ್ತೇವಲ್ಲ, ಹಾಗೆ ಬಿಗಿಯಿರಿ. ಐದು ಎಣಿಸಿ, ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಕಾಫಿ ಕುಯ್ಯುತ್ತಾ ಮಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ. ಮೂರು ತಿಂಗಳಾದರೂ ಬಿಡದೆ ಮಾಡಬೇಕು. ಸೋರುತ್ತದೆ ಅಂತ ನೀರು ಕುಡಿಯುವುದನ್ನು ಬಿಡಬೇಡಿ. ಉರಿ ಇದ್ದರೆ, ಪದೇ ಪದೇ ಅವಸರವಾದರೆ ಕಾರಣ ಬೇರೆ ಇರಬಹುದು, ಮೂತ್ರ ಪರೀಕ್ಷೆ ಮಾಡಿಸಿ.

ಎಲ್ಲಿಗೆ ಹೋಗಬೇಕು? ಮೊದಲು ಆಶಾ ಅವರಿಗೆ ಹೇಳಿ. ಹೆಂಗಸರ ಡಾಕ್ಟರು ಇರುವ ಆಸ್ಪತ್ರೆ ಬೇಕು. ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆ ಇದೆ. ಘಟ್ಟ ಇಳಿದರೆ ಮಂಗಳೂರಿನ ಲೇಡಿ ಗೋಷನ್ ಆಸ್ಪತ್ರೆ, ಅದು ಹೆಂಗಸರಿಗೆಂದೇ ಇರುವ ಸರ್ಕಾರಿ ಆಸ್ಪತ್ರೆ. ಬಸ್ಸಿನ ಖರ್ಚು, ಒಂದು ದಿನದ ಕೂಲಿ ಹೋಗುತ್ತದೆ, ನಮಗೂ ಗೊತ್ತು. ಇಬ್ಬರು ಮೂವರು ಒಟ್ಟಿಗೆ ಹೋಗಿ.

ಡಾಕ್ಟರ ಎದುರು ಬಾಯಿ ಬರುವುದಿಲ್ಲ ಅನ್ನುತ್ತೀರಿ. ಅಕ್ಕನಿಗೂ ಬರಲಿಲ್ಲ. ಅವರು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದರು. 'ಗರ್ಭಕೋಶ ಜಾರಿದೆ. ಉಚ್ಚೆ ಸೋರುತ್ತದೆ. ಪೆಸರಿ ಆಗುತ್ತದಾ?' ಅಂತ. ಗರ್ಭಕೋಶದ 'ರ್ಭ' ತಪ್ಪಾಗಿತ್ತು. ಡಾಕ್ಟರಿಗೆ ಅರ್ಥವಾಯಿತು. ಈಗ ಮತ್ತೆ ಹೋಗಬೇಕಾದ ತಾರೀಕನ್ನು ಅಡಿಗೆಮನೆ ಕ್ಯಾಲೆಂಡರಿನಲ್ಲಿ ಅವರೇ ಗುರುತು ಹಾಕುತ್ತಾರೆ.

ಸರಿ, ಈಗ ಸ್ಲೇಟು ತೆಗೆಯಿರಿ. ಆ ಮೂರು ಸಾಲು ಹಲಗೆಯ ಮೇಲೆ ಬರೆಯುತ್ತೇವೆ. ನೋಡಿ ಬರೆದುಕೊಳ್ಳಿ.